ಮಧುಮೇಹಿಯ ಯಕೃತ್ತು ಮತ್ತು ಅರಿಸಿನ

ಮಧುಮೇಹವೆಂದೊಡನೆ ನಮ್ಮ ಲಕ್ಷ್ಯವೆಲ್ಲ ರಕ್ತದ ಸಕ್ಕರೆಯತ್ತ ಹರಿಯುತ್ತದೆ. ಆ ಸಕ್ಕರೆಯ ಜಮಾಖರ್ಚು ನೋಡಿಕೊಳ್ಳುವ ಯಕೃತ್ತನ್ನು ನೆನೆಯುವವರು ವಿರಳ. ಉಂಡ ಅನ್ನದಿಂದ ಬಂದ ಸಕ್ಕರೆಯಲ್ಲಿ ಸುಮಾರು 100 ಗ್ರಾಮಿನಷ್ಟನ್ನು ಅದು ಗ್ಲೈಕೋಜನ್ ರೂಪದಲ್ಲಿ ಠೇವಣಿಯಿಟ್ಟುಕೊಂಡು, ಹಸಿವಿನ ವೇಳೆಯಲ್ಲಿ ರಕ್ತಕ್ಕೆ ಪಾವತಿ ಮಾಡುತ್ತದೆ. ಈ ವ್ಯವಹಾರದ ಮೇಲಧಿಕಾರಿ ಇನ್ಸುಲಿನ್. ಅದರ ಆಜ್ಞೆ ನಡೆಯದಾದಾಗ ಯಕೃತ್ತು ಬೇಡದ ವೇಳೆಯಲ್ಲೂ ಸಕ್ಕರೆಯನ್ನು ಹೊರಬಿಡುತ್ತದೆ. ರಾತ್ರಿಯೆಲ್ಲ ಉಪವಾಸವಿದ್ದರೂ ಬೆಳಗಿನ ಪರೀಕ್ಷೆಯಲ್ಲಿ ಸಕ್ಕರೆ ಏರಿರುವುದಕ್ಕೆ ಇದೇ ಮುಖ್ಯ ಕಾರಣ. ಜೊತೆಗೆ ಕೊಬ್ಬೂ ಅಲ್ಲಿ ಶೇಖರವಾಗುತ್ತದೆ. ನಡುವಯಸ್ಸಿನಲ್ಲಿ ಮಧುಮೇಹ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಯಕೃತ್ತಿನ ಸ್ಥಿತಿ ಇದು.

ಇದಕ್ಕೆ ಅರಿಸಿನವೇ ಮದ್ದೆಂದು ಈಗ ನಗರದ ಔಷಧದ ಅಂಗಡಿಗಳಲ್ಲೆಲ್ಲ ಕ್ಯಾಪ್ಸೂಲುಗಳು ಬಂದಿವೆ. ಅವುಗಳ ಸಾರ ಕರ್ಕ್ಯುಮಿನ್. ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ಈ ವಸ್ತುವನ್ನು 1815ರಲ್ಲಿಯೇ ಬೇರ್ಪಡಿಸಲಾಗಿತ್ತು. ಮಧುಮೇಹದಲ್ಲಿ ಅದರ ಪರಿಣಾಮವನ್ನು ಶೋಧಿಸಿದವರಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳೂ ಇದ್ದಾರೆಂಬುದು ಹೊರನಾಡಿನ ನಮಗೆ ಹೆಮ್ಮೆಯ ವಿಷಯ. ಮಧುಮೇಹ ಬರಿಸಿದ ಇಲಿಗಳಿಗೆ, ಆಹಾರದಲ್ಲಿ ಶೇಕಡಾ 0.5ರಷ್ಟು ಕರ್ಕ್ಯುಮಿನ್ ಬೆರೆಸಿ ಅವರು 8 ವಾರ ಉಣಿಸಿದರು. 1995 ಮತ್ತು 1997ರಲ್ಲಿ ಪ್ರಕಟವಾದ ಫಲಿತಾಂಶಗಳಂತೆ, ಊದಿದ ಯಕೃತ್ತಿನ ತೂಕ ತಗ್ಗಿತು; ರಕ್ತದ ಕೊಲೆಸ್ಟರಾಲ್ ಇಳಿಯಿತು; ಕೊಲೆಸ್ಟರಾಲನ್ನು ಪಿತ್ತಾಮ್ಲವಾಗಿ ಪರಿವರ್ತಿಸುವ ಯಕೃತ್ತಿನ ಕಿಣ್ವ ಚುರುಕಾಯಿತು. ಆದರೆ ಉಪವಾಸದ ಸಕ್ಕರೆ ಮಾತ್ರ ಇಳಿಯಲಿಲ್ಲ. ಜಾಹೀರಾತುಗಳು ನುಂಗಿಬಿಡುವ ವಾಕ್ಯ ಇದೇ.

ಲೆಕ್ಕದ ಕಸುಬಿನವನಾದ ನಾನು ಇನ್ನೊಂದು ಬಾಬನ್ನು ತಾಳೆ ನೋಡಿದೆ. ದಿನಕ್ಕೆ 500 ಗ್ರಾಂ ಒಣ ಆಹಾರ ಉಣ್ಣುವವನಿಗೆ ಇಲಿಯ ಪ್ರಮಾಣದಲ್ಲಿ 2.5 ಗ್ರಾಂ ಕರ್ಕ್ಯುಮಿನ್ ಬೇಕು. ಅರಿಸಿನದಲ್ಲಿ ಅದಿರುವುದು ಸುಮಾರು ಶೇಕಡಾ 3. ಎಂದರೆ ನಿತ್ಯವೂ 80 ಗ್ರಾಮಿಗೆ ಮೇಲ್ಪಟ್ಟು ಅರಿಸಿನ! ಚಿತ್ರಾನ್ನ, ಹುಳಿಗಳ ಮೂಲಕ ನಮ್ಮ ಹೊಟ್ಟೆ ಸೇರುವುದು ಒಂದೆರಡು ಗ್ರಾಂ. ಅದೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸಿನ ಪೈಪರೀನ್ ಜೊತೆಗಿದ್ದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಅನೇಕ ಕ್ಯಾಪ್ಸೂಲುಗಳಲ್ಲಿ ಪೈಪರೀನ್ ಬೆರೆಸುವುದು ಇದಕ್ಕಾಗಿಯೇ.

ಅಪಾಯವೂ ಇಲ್ಲಿಯೇ. ಅರಿಸಿನದ ಇಂತಹ ಉತ್ಪನ್ನಗಳಿಂದ ಯಕೃತ್ತಿಗೆ ಹಾನಿಯಾದ 10 ಪ್ರಕರಣಗಳನ್ನು ಅಮೆರಿಕೆಯ ತಜ್ಞರು 2022ರಲ್ಲಿ ವರದಿ ಮಾಡಿದರು. ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಪರೀಕ್ಷಿಸಿದ 7 ಉತ್ಪನ್ನಗಳಲ್ಲಿ 3ರಲ್ಲಿ ಪೈಪರೀನ್ ಇತ್ತು. ಹತ್ತರಲ್ಲಿ ಏಳು ಮಂದಿಗೆ ಒಂದೇ ಬಗೆಯ ಆನುವಂಶಿಕ ಲಕ್ಷಣವಿತ್ತು. ಇಂತಹ ಹಾನಿ ಅಪರೂಪವೇ ಸರಿ. ಆದರೆ ಆ ಲಕ್ಷಣ ನಮ್ಮಲ್ಲಿ ಯಾರಿಗಿದೆಯೆಂದು ಮುಖ ನೋಡಿ ಹೇಳುವಂತಿಲ್ಲ.

ಆದುದರಿಂದ ಸಾರಿನ ಅರಿಸಿನಕ್ಕೆ ಅಂಜಬೇಕಿಲ್ಲ. ಕ್ಯಾಪ್ಸೂಲನ್ನು ನೆಚ್ಚಿ ಮಧುಮೇಹದ ಮಾತ್ರೆಯನ್ನು ಬಿಡುವುದಂತೂ ಸರ್ವಥಾ ಕೂಡದು. ಈಗಾಗಲೇ ಸೇವಿಸುತ್ತಿರುವವರು ಅದನ್ನು ವೈದ್ಯರಿಗೆ ತಿಳಿಸಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಗಾದರೆ ಒಡನೆಯೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಯಕೃತ್ತಿನ ಕೊಬ್ಬು ಕರಗಿಸಲು ತೂಕ ಇಳಿಸುವುದೇ ನಂಬಬಹುದಾದ ಉಪಾಯ: 70 ಕಿಲೋ ತೂಗುವ ಸ್ಥೂಲಕಾಯರು 5 ಕಿಲೋ ಇಳಿಸಿದರೂ ವ್ಯತ್ಯಾಸ ಕಾಣುತ್ತದೆ. ಕಚೇರಿಯಿಂದ ಮರಳುವಾಗ ಒಂದು ನಿಲ್ದಾಣ ಮೊದಲೇ ಇಳಿದು ನಡೆಯಲು ಯಾವ ಅಂಗಡಿಯ ಚೀಟಿಯೂ ಬೇಕಿಲ್ಲ.