ಮರಿಕೋಸು ಗರಿಗರಿಯಾಗಲು ಹನ್ನೊಂದು ಸೂತ್ರಗಳು

ಬ್ರಸೆಲ್ಸ್ ಸ್ಪ್ರೌಟ್ಸ್ ಎಂದರೆ ಮೂಗು ಮುರಿಯುವವರು ಯುರೋಪಿನಲ್ಲೂ ಕಡಿಮೆಯಿಲ್ಲ. ಬ್ರಿಟನ್ನಿನ ಕ್ರಿಸ್‌ಮಸ್ ಊಟಕ್ಕೆ ಈ ಮರಿಕೋಸು ಇರಲೇಬೇಕು. ಆದರೆ ಅದನ್ನು ನೀರಿನಲ್ಲಿ ಹೊತ್ತುಗಟ್ಟಲೆ ಬೇಯಿಸಿ, ಮೆತ್ತಗೆ ಮಾಡಿ, ಗಂಧಕದ ವಾಸನೆಯನ್ನು ಮನೆತುಂಬ ಹರಡಿ, ಮಕ್ಕಳು ತಟ್ಟೆಯ ಅಂಚಿಗೆ ತಳ್ಳುವಂತೆ ಮಾಡಿದ್ದೂ ಅಲ್ಲಿನ ಅಡುಗೆಮನೆಗಳೇ. ಅದೇ ತರಕಾರಿ ಏರ್ ಫ್ರೈಯರ್‌ನಿಂದ ಬಂದಾಗ ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂತೆ ಮೃದು. ಎರಡರ ನಡುವಿನ ವ್ಯತ್ಯಾಸವೆಲ್ಲ ನೀರಿನದು. ಮೇಲ್ಮೈಯಲ್ಲಿ ಪಸೆ ಇರುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಹುರಿದ ಬಣ್ಣ, ಹುರಿದ ಘಮ ಚೆನ್ನಾಗಿ ಹುಟ್ಟುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಹಾಗಾಗಿ ಕೆಳಗಿನ ಸೂತ್ರಗಳೆಲ್ಲ ಒಂದೇ ಕೆಲಸಕ್ಕೆ: ನೀರನ್ನು ಬೇಗ ಓಡಿಸುವುದು.

1. ಗಟ್ಟಿ ಕಾಯಿಯನ್ನೇ ಆರಿಸಿ

ಒತ್ತಿದರೆ ತಗ್ಗದ, ಎಲೆಗಳು ಬಿಗಿಯಾಗಿ ಮುಚ್ಚಿಕೊಂಡ, ನಿಂಬೆಹಣ್ಣಿಗಿಂತ ಚಿಕ್ಕದಾದ ಮರಿಕೋಸು ಒಳ್ಳೆಯದು. ಹೊರ ಎಲೆ ಹಳದಿಯಾಗಿದ್ದರೆ, ಬುಡದ ಕೊಯ್ದ ಭಾಗ ಕಪ್ಪಾಗಿದ್ದರೆ ಅದು ಹಳೆಯದು. ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರಲಿ; ಇಲ್ಲದಿದ್ದರೆ ಸಣ್ಣದು ಕರಕಲಾಗುವ ಹೊತ್ತಿಗೆ ದೊಡ್ಡದು ಹಸಿಯಾಗಿರುತ್ತದೆ. ಇದು ಚಳಿಗಾಲದ ಬೆಳೆ. ಉದ್ದನೆಯ ದಂಟಿನ ಸುತ್ತ, ಎಲೆಗಳ ಕಂಕುಳಲ್ಲಿ ಸಾಲುಸಾಲಾಗಿ ಬಿಡುತ್ತದೆ. ಹಿಮ ಬಿದ್ದ ಮೇಲೆ ಕಿತ್ತ ಕಾಯಿಗೆ ಸಿಹಿ ಹೆಚ್ಚು. ನಮ್ಮ ಕಡೆ ಊಟಿಯ ತಂಪಿನಲ್ಲಿ ಬೆಳೆದದ್ದು ಬೆಂಗಳೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಆಗಾಗ ಸಿಗುತ್ತದೆ.

2. ಕಹಿಯ ಹಳೆಯ ಭಯ ಬಿಡಿ

ಹಿಂದೊಮ್ಮೆ ತಿಂದು ಬಿಟ್ಟವರು ಇನ್ನೊಮ್ಮೆ ತಿಂದು ನೋಡಬೇಕು. 1990ರ ದಶಕದಲ್ಲಿ ಹಾನ್ಸ್ ವಾನ್ ಡೋರ್ನ್ ಎಂಬ ಡಚ್ ವಿಜ್ಞಾನಿ ಮರಿಕೋಸಿನ ಕಹಿಗೆ ಸಿನಿಗ್ರಿನ್, ಪ್ರೊಗೊಯಿಟ್ರಿನ್ ಎಂಬ ಎರಡು ರಾಸಾಯನಿಕಗಳು ಕಾರಣವೆಂದು ಗುರುತಿಸಿದರು. ಆಮೇಲೆ ಬೀಜ ಕಂಪನಿಗಳು ತಮ್ಮ ಸಂಗ್ರಹದಲ್ಲಿದ್ದ ಹಳೆಯ, ಕಹಿ ಕಡಿಮೆಯಿರುವ ತಳಿಗಳನ್ನು ಹುಡುಕಿ ತೆಗೆದು, ಹೆಚ್ಚು ಇಳುವರಿಯ ಹೊಸ ತಳಿಗಳೊಂದಿಗೆ ಕೂಡಿಸಿದವು. ಇಂದು ಅಂಗಡಿಗೆ ಬರುವ ಮರಿಕೋಸು ನಿಜಕ್ಕೂ ಮೊದಲಿನಷ್ಟು ಕಹಿಯಲ್ಲ. ಉಳಿದ ಅಲ್ಪಸ್ವಲ್ಪ ಕಹಿಯನ್ನು ಉಪ್ಪು, ಹುಳಿ ಮತ್ತು ಹುರಿದ ಸಿಹಿ ಸರಿದೂಗಿಸುತ್ತವೆ.

3. ಮೊದಲು ತೊಳೆಯಿರಿ, ಆಮೇಲೆ ಕತ್ತರಿಸಿ

ಈ ಕ್ರಮ ತಪ್ಪಿದರೆ ಅರ್ಧ ಕೆಲಸ ಕೆಟ್ಟಂತೆ. ಕತ್ತರಿಸಿ ತೊಳೆದರೆ ನೀರು ಎಲೆಗಳ ಪದರಗಳ ನಡುವೆ ಹೊಕ್ಕು ಕೂರುತ್ತದೆ, ಎಷ್ಟು ಒರೆಸಿದರೂ ಹೊರಬರುವುದಿಲ್ಲ. ಇಡಿಯಾಗಿ ತೊಳೆದು, ಒಣಬಟ್ಟೆಯ ಮೇಲೆ ಹರಡಿ, ಮೇಲಿನಿಂದ ಇನ್ನೊಂದು ಬಟ್ಟೆಯಲ್ಲಿ ಉಜ್ಜಿ ಒರೆಸಿ. ಪುರುಸೊತ್ತಿದ್ದರೆ ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಬಿಡಿ. ಮುಟ್ಟಿದಾಗ ಕೈಗೆ ಪಸೆ ತಾಗಬಾರದು.

4. ಬುಡ ಉಳಿಸಿ ಸೀಳಿ

ಬುಡದ ಒಣಗಿದ ತುದಿಯನ್ನು ತೆಳ್ಳಗೆ ಕತ್ತರಿಸಿ ತೆಗೆಯಿರಿ, ಹೆಚ್ಚು ಬೇಡ. ಎಲೆಗಳನ್ನೆಲ್ಲ ಹಿಡಿದಿಡುವುದು ಆ ಬುಡವೇ. ನಂತರ ಬುಡದಿಂದ ತುದಿಯವರೆಗೆ ಉದ್ದಕ್ಕೆ ಎರಡು ಹೋಳು ಮಾಡಿ, ದಪ್ಪದ್ದಾದರೆ ನಾಲ್ಕು. ಅಡ್ಡಕ್ಕೆ ಕೊಯ್ದರೆ ಎಲೆಗಳು ಬಿಚ್ಚಿಕೊಂಡು ಚೂರುಚೂರಾಗುತ್ತವೆ. ಕತ್ತರಿಸುವಾಗ ಕಳಚಿ ಬೀಳುವ ಹೊರ ಎಲೆಗಳನ್ನು ಎಸೆಯಬೇಡಿ, ಬೇರೆ ಬಟ್ಟಲಲ್ಲಿ ಇಡಿ. ಕೊನೆಗೆ ಮನೆಮಂದಿ ಜಗಳವಾಡುವುದು ಅವುಗಳಿಗೇ.

5. ಎಣ್ಣೆಯನ್ನು ಅಳೆದು ಹಾಕಿ, ಆದರೆ ಹಾಕಿ

ಎಣ್ಣೆಯೇ ಬೇಡವೆಂದು ಏರ್ ಫ್ರೈಯರ್ ಕೊಂಡವರಿಗೆ ಇದು ರುಚಿಸದ ಮಾತು. ಎಣ್ಣೆ ಸೋಕದ ಮರಿಕೋಸು ಒಣಗಿ ಜಗಿಯಲಾಗದಂತಾಗುತ್ತದೆಯೇ ಹೊರತು ಗರಿಗರಿಯಾಗುವುದಿಲ್ಲ. 400 ಗ್ರಾಂಗೆ ಒಂದು ದೊಡ್ಡ ಚಮಚ ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಅಥವಾ ತುಪ್ಪ ಸಾಕು. ಬೆಣ್ಣೆ ಬೇಡ, ಅದರಲ್ಲಿರುವ ಹಾಲಿನ ಅಂಶ ಬೇಗ ಹೊತ್ತುತ್ತದೆ. ಅಗಲ ಪಾತ್ರೆಯಲ್ಲಿ ಹಾಕಿ ಕೈಯಿಂದಲೇ ಸವರಿ. ಬುಟ್ಟಿಗೆ ಹಾಕಿದ ಮೇಲೆ ಎಣ್ಣೆ ಸುರಿದರೆ ತೂತುಗಳಿಂದ ಕೆಳಗಿಳಿದು ಹೊಗೆಯೇಳುತ್ತದೆ. ಡಬ್ಬಿಯಲ್ಲಿ ಬರುವ ಕುಕಿಂಗ್ ಸ್ಪ್ರೇಗಳಲ್ಲಿ ಹೆಚ್ಚಿನವುಗಳಲ್ಲಿ ಲೆಸಿಥಿನ್ ಇರುತ್ತದೆ. ನಾನ್‌ಸ್ಟಿಕ್ ಲೇಪದ ಮೇಲೆ ಅದು ಅಂಟಾಗಿ ಕೂತರೆ ತಿಕ್ಕಿದರೂ ಹೋಗುವುದಿಲ್ಲ. ಉಪ್ಪನ್ನು ಬುಟ್ಟಿಗೆ ಹಾಕುವ ಕ್ಷಣದಲ್ಲಿ ಸೇರಿಸಿ. ಮೊದಲೇ ಬೆರೆಸಿಟ್ಟರೆ ತರಕಾರಿ ನೀರು ಬಿಡುತ್ತದೆ.

6. ಬಿಸಿ 190 ಡಿಗ್ರಿ ಇರಲಿ

ಫಿಲಿಪ್ಸ್ ಕಂಪನಿ 2010ರಲ್ಲಿ ಬರ್ಲಿನ್‌ನ ಮೇಳದಲ್ಲಿ ಪರಿಚಯಿಸಿದ ಏರ್ ಫ್ರೈಯರ್, ಹೆಸರಿಗೆ ಫ್ರೈಯರ್ ಆದರೂ ಕೆಲಸದಲ್ಲಿ ಪುಟ್ಟ ಓವನ್. ಮೇಲೆ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು. ಬಿಸಿಗಾಳಿ ರಭಸದಿಂದ ಕೆಳಗಿಳಿದು ತರಕಾರಿಯ ಪಸೆಯನ್ನು ಹೊತ್ತೊಯ್ಯುತ್ತದೆ. ಖಾಲಿ ಬುಟ್ಟಿಯನ್ನು ಮೂರು ನಿಮಿಷ ಕಾಯಿಸಿ, ಆಮೇಲೆ ತುಂಬಿ. 160 ಡಿಗ್ರಿಯಲ್ಲಿ ಮರಿಕೋಸು ತನ್ನ ಹಬೆಯಲ್ಲೇ ಬೆಂದು ಮೆತ್ತಗಾಗುತ್ತದೆ. 200 ದಾಟಿದರೆ ಒಳಗೆ ಹಸಿಯಿರುವಾಗಲೇ ಎಲೆಯ ತುದಿ ಸುಟ್ಟಿರುತ್ತದೆ. ಅಮೆರಿಕದಲ್ಲಿರುವವರು 375 ಫ್ಯಾರನ್‌ಹೀಟ್‌ಗೆ ತಿರುಗಿಸಿ. ಆ ಯಂತ್ರವನ್ನು ಊರಿಗೆ ತರುವ ಆಲೋಚನೆ ಮಾತ್ರ ಬೇಡ: ಅಲ್ಲಿನ 120 ವೋಲ್ಟ್ ಯಂತ್ರ ನಮ್ಮ 230 ವೋಲ್ಟ್‌ಗೆ ತಡೆಯುವುದಿಲ್ಲ.

7. ಬುಟ್ಟಿ ತುಂಬಿಸಬೇಡಿ

ನಾಲ್ಕು ಲೀಟರಿನ ಬುಟ್ಟಿಗೆ 400 ಗ್ರಾಂ ಸಾಕು. ಒಂದರ ಮೇಲೊಂದು ರಾಶಿ ಬಿದ್ದರೆ ಗಾಳಿಗೆ ದಾರಿಯಿಲ್ಲ, ಕೆಳಗಿನವು ಹಬೆಯಲ್ಲಿ ಬೇಯುತ್ತವೆ. ನೆಂಟರು ಬಂದಿದ್ದರೆ ಎರಡು ಸರದಿ ಮಾಡಿ. ಆತುರಗಾರನಿಗೆ ಬುದ್ಧಿ ಮಟ್ಟ. ತೊಳೆಯುವ ಕೆಲಸ ಉಳಿಸಲು ಕಾಗದ ಹಾಸುವುದೂ ಬೇಡ, ಗಾಳಿ ಬರುವ ತೂತುಗಳೇ ಮುಚ್ಚಿಹೋಗುತ್ತವೆ. ಖಾಲಿ ಬುಟ್ಟಿ ಕಾಯಿಸುವಾಗಲಂತೂ ಕಾಗದ ಹಾಕಲೇಬೇಡಿ. ಅದು ಹಾರಿ ಸುರುಳಿಗೆ ತಾಗಿ ಹೊತ್ತಿಕೊಳ್ಳಬಹುದು.

8. ಗಡಿಯಾರಕ್ಕಿಂತ ಕಣ್ಣು, ಕಿವಿ ನಂಬಿ

ಒಟ್ಟು 12ರಿಂದ 15 ನಿಮಿಷ. ಐದನೇ ನಿಮಿಷಕ್ಕೆ ಬುಟ್ಟಿ ಎಳೆದರೆ ಹೋಳುಗಳು ಕಡುಹಸಿರಾಗಿ ಹೊಳೆಯುತ್ತಿರುತ್ತವೆ, ಹಬೆ ಮುಖಕ್ಕೆ ರಾಚುತ್ತದೆ, ಚುಂಯ್‌ಗುಡುವ ಹಸಿ ಸದ್ದು ಕೇಳುತ್ತದೆ. ಆಗ ಚೆನ್ನಾಗಿ ಅಲುಗಾಡಿಸಿ. ಒಂಬತ್ತು, ಹತ್ತನೇ ನಿಮಿಷಕ್ಕೆ ಹಬೆ ತಗ್ಗಿ, ಕೊಯ್ದ ಮುಖ ಹಳದಿಗೆ ತಿರುಗಿರುತ್ತದೆ. ಈಗ ಇಕ್ಕಳದಿಂದ ಹೋಳುಗಳ ಕೊಯ್ದ ಮುಖ ಮೇಲಾಗಿರುವಂತೆ ತಿರುಗಿಸಿ. ಓವನ್ನಿನ ತಟ್ಟೆಯಲ್ಲಾದರೆ ಕೊಯ್ದ ಮುಖ ಕೆಳಗಿರಬೇಕು, ಅಲ್ಲಿ ಕಾದ ಲೋಹ ಹುರಿಯುತ್ತದೆ. ಇಲ್ಲಿ ಬಿಸಿ ಬರುವುದು ಮೇಲಿನಿಂದ. ಎತ್ತಿಟ್ಟ ಬಿಡಿ ಎಲೆಗಳಿಗೆ ಎರಡು ಹನಿ ಎಣ್ಣೆ ಸವರಿ ಕೊನೆಯ ಮೂರು, ನಾಲ್ಕು ನಿಮಿಷಕ್ಕೆ ಸೇರಿಸಿ. ಹೋಳುಗಳ ಸಂದಿಯಲ್ಲಿ ಸಿಕ್ಕಿಸಿಡಿ, ಸುಮ್ಮನೆ ಉದುರಿಸಿದರೆ ಹಾರುತ್ತವೆ. ಅಂಚು ಕಂದಾಗಿ, ಅಲುಗಾಡಿಸಿದಾಗ ಒಣ ಗಲಗಲ ಸದ್ದು ಬಂದು, ಬುಡಕ್ಕೆ ಚುಚ್ಚಿದ ಚಾಕು ಸಲೀಸಾಗಿ ಇಳಿದರೆ ಆಯಿತು. ಬಂಗಾರಗಂದು ಬಣ್ಣ ಬಂದಲ್ಲಿ ನಿಲ್ಲಿಸಿ, ಕಪ್ಪಾದರೆ ಮತ್ತೆ ಕಹಿ.

9. ಫ್ರೋಜನ್ ಆದರೆ ಕರಗಿಸಬೇಡಿ

ಕರಗಿಸಿದರೆ ನೀರು ಸುರಿಯುವ ಮುದ್ದೆ ಸಿಗುತ್ತದೆ. ಫ್ರೀಜರಿನಿಂದ ತೆಗೆದವೇ ಬುಟ್ಟಿಗೆ ಬೀಳಲಿ. 200 ಡಿಗ್ರಿಯಲ್ಲಿ ಎಣ್ಣೆಯಿಲ್ಲದೆ ಆರೇಳು ನಿಮಿಷ ಓಡಿಸಿ, ತಳದಲ್ಲಿ ಸೇರಿದ ನೀರು ಚೆಲ್ಲಿ. ನಂತರ ಎಣ್ಣೆ ಸವರಿ ಇನ್ನೂ ಎಂಟು, ಹತ್ತು ನಿಮಿಷ ಕೊಡಿ. ಅಂಚು ಗರಿಯಾಗುತ್ತದೆ, ತಾಜಾ ಕಾಯಿಯಷ್ಟು ಮಾತ್ರ ಆಗದು.

10. ಮಸಾಲೆಯ ಸರದಿ ಕೊನೆಗೆ

ಜೇನು, ಬೆಲ್ಲ, ಬಾಲ್ಸಾಮಿಕ್ ವಿನೆಗರ್, ಬೆಳ್ಳುಳ್ಳಿ, ಖಾರದಪುಡಿ ಇವೆಲ್ಲ ಬಿಸಿಗಾಳಿಗೆ ತರಕಾರಿಗಿಂತ ಮೊದಲೇ ಸುಡುತ್ತವೆ. ಹುರಿದು ತೆಗೆದ ಮೇಲೆ ಬೆರೆಸಿ. ಅಮೆರಿಕದ ಮನೆಗಳಲ್ಲಿ ಜೇನು, ಬಾಲ್ಸಾಮಿಕ್ ಜೋಡಿ ಜನಪ್ರಿಯ. ನಮ್ಮ ನಾಲಗೆಗೆ ಒಂದು ಚಮಚ ಶೇಂಗಾ ಚಟ್ನಿಪುಡಿ ಉದುರಿಸಿ ನಿಂಬೆ ಹಿಂಡಿದರೆ ಅದಕ್ಕಿಂತ ಹಿತ. ಸಾಸಿವೆ, ಕರಿಬೇವಿನ ಒಗ್ಗರಣೆಯೂ ಚೆನ್ನಾಗಿ ಹೊಂದುತ್ತದೆ. ಸಾಸಿವೆಯೂ ಕೋಸೂ ಒಂದೇ ಸಸ್ಯಕುಟುಂಬದವು. ಗೋಬಿ ಮಂಚೂರಿಯ ಹೊರಪದರ ಬೇಕೆನ್ನುವವರು ಎಣ್ಣೆ ಸವರಿದ ಹೋಳುಗಳ ಮೇಲೆ ಎರಡು ಚಿಕ್ಕ ಚಮಚ ಅಕ್ಕಿಹಿಟ್ಟು ಅಥವಾ ಕಾರ್ನ್‌ಫ್ಲೋರ್ ಒಣದಾಗಿಯೇ ಉದುರಿಸಿ. ಕಲಸಿದ ಬಜ್ಜಿಹಿಟ್ಟು ಏರ್ ಫ್ರೈಯರ್‌ಗೆ ಆಗಿಬರದು, ಗಟ್ಟಿಯಾಗುವ ಮೊದಲೇ ತೂತಿನಿಂದ ಸೋರುತ್ತದೆ.

11. ತೆಗೆದ ಕೂಡಲೇ ತಿನ್ನಿ

ಮುಚ್ಚಳ ಮುಚ್ಚಬೇಡಿ, ಡಬ್ಬಿಗೆ ತುಂಬಬೇಡಿ. ಒಳಗಿನ ಹಬೆಯೇ ಹೊರಗಿನ ಗರಿಯನ್ನು ಐದು ನಿಮಿಷದಲ್ಲಿ ಕೆಡಿಸುತ್ತದೆ. ಉಳಿದರೆ ಫ್ರಿಜ್ಜಿನಲ್ಲಿಟ್ಟು, ಮರುದಿನ 180 ಡಿಗ್ರಿಯಲ್ಲಿ ಮೂರು, ನಾಲ್ಕು ನಿಮಿಷ ಬಿಸಿಮಾಡಿ. ಮೈಕ್ರೋವೇವ್ ಬೇಡ. ಇನ್ನೊಂದು ಎಚ್ಚರಿಕೆ: ಮರಿಕೋಸಿನಲ್ಲಿ ಸಿ ಜೀವಸತ್ವದಷ್ಟೇ ಕೆ ಜೀವಸತ್ವವೂ ಧಾರಾಳ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿ ಬಡಿಸಿ.

ನಿಮ್ಮೂರಿನಲ್ಲಿ ಮರಿಕೋಸು ಸಿಗದಿದ್ದರೆ ಕೈಕಟ್ಟಿ ಕೂರಬೇಕಿಲ್ಲ. ಎಲೆಕೋಸು, ಹೂಕೋಸು, ನವಿಲುಕೋಸು, ಮರಿಕೋಸು ಎಲ್ಲವೂ ಬ್ರಾಸಿಕಾ ಒಲೆರೇಸಿಯಾ ಎಂಬ ಒಂದೇ ಪ್ರಭೇದದ ಬೇರೆ ಬೇರೆ ತಳಿಗಳು. ಸಂತೆಯ ಒಂದು ಹೂಕೋಸನ್ನೇ ತಂದು, ಒಣಗಿಸಿ, ಎಣ್ಣೆ ಸವರಿ, ಇದೇ ಬಿಸಿಯಲ್ಲಿ ಹುರಿಯಿರಿ. ಸೂತ್ರ ಬದಲಾಗುವುದಿಲ್ಲ.