ಬೆಳಕಿನ ಬೀಗದಕೈ

ಭದ್ರಾ ಜಲಾಶಯದ ಸಮೀಪದಲ್ಲಿ, ಕಾಡುಬೆಟ್ಟಗಳ ಮಡಿಲಲ್ಲಿ ಶಂಕರಘಟ್ಟವಿದೆ. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಜ್ಞಾನಸಹ್ಯಾದ್ರಿ ಇರುವುದು ಇಲ್ಲಿಯೇ. ಮಳೆ ನಿಂತ ಮೇಲೆ ಇಲ್ಲಿನ ಹೊಂಡಗಳ ನೀರು ಹಸಿರಾಗುತ್ತದೆ. ದಾರಿಹೋಕರು ಅದನ್ನು ಬರಿಯ ಪಾಚಿಯೆಂದು ಬಗೆದು ಪಕ್ಕಕ್ಕೆ ಸರಿದುಹೋಗುತ್ತಾರೆ. ಆದರೆ ಸಿಹಿನೀರಿನ ಪಾಚಿಯೊಂದು ಅಂಧನಿಗೆ ನೋಟವನ್ನು ಮರಳಿಸುವ ದಾರಿ ತೋರಿತೆಂದರೆ ಯಾರಿಗೆ ತಾನೆ ಅಚ್ಚರಿಯಾಗದು?

ಆ ಪಾಚಿಯ ಹೆಸರು ಕ್ಲಾಮಿಡೊಮೊನಾಸ್. ಅದು ಏಕಕೋಶಜೀವಿ, ಗಾತ್ರ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಅದಕ್ಕೆ ಮಿದುಳಿಲ್ಲ, ನರಗಳಿಲ್ಲ. ಆದರೂ ಅದು ಹಿತವಾದ ಬೆಳಕಿನತ್ತ ಈಜುತ್ತದೆ. ಬೆಳಕು ಪ್ರಖರವಾದರೆ ದೂರ ಸರಿಯುತ್ತದೆ. ಇದು ಹೇಗೆ ಸಾಧ್ಯ? ಅದರ ಕೋಶಪೊರೆಯಲ್ಲಿ ವಿಶಿಷ್ಟವಾದ ಪ್ರೋಟೀನೊಂದಿದೆ. ಅದರೊಳಗೆ, ಎ ಜೀವಸತ್ವದಿಂದ ಉಂಟಾಗುವ ರೆಟಿನಲ್ ಎಂಬ ಅಣು ಅಡಗಿದೆ. ನೀಲಿ ಬೆಳಕು ತಾಗಿದೊಡನೆ ಅಣುವಿನ ಆಕಾರ ಬದಲಾಗುತ್ತದೆ. ಪ್ರೋಟೀನಿನ ದ್ವಾರ ತೆರೆಯುತ್ತದೆ. ವಿದ್ಯುದಂಶವುಳ್ಳ ಅಯಾನುಗಳು ಒಳನುಗ್ಗುತ್ತವೆ. ತೂಬನ್ನು ಎತ್ತಿದಾಗ ಭದ್ರೆಯ ನೀರು ನಾಲೆಯಿಂದ ಗದ್ದೆಗೆ ಹರಿಯುವಂತೆಯೇ ಇದು. ಬೆಳಕು ನಿಂತರೆ ದ್ವಾರ ಮುಚ್ಚಿಕೊಳ್ಳುತ್ತದೆ.

ನರಕೋಶಗಳು ಕೆಲಸಮಾಡುವುದೂ ಅಯಾನುಗಳ ಇಂಥ ಹರಿವಿನಿಂದಲೇ. ಯಾವ ನರಕೋಶದ ಕಾರ್ಯವೇನೆಂದು ತಿಳಿಯಲು ವಿಜ್ಞಾನಿಗಳು ಹಿಂದೆ ಮಿದುಳಿಗೆ ವಿದ್ಯುತ್ತನ್ನು ಹಾಯಿಸುತ್ತಿದ್ದರು. ಅದು ಸುತ್ತಲಿನ ಕೋಶಗಳನ್ನೆಲ್ಲ ಒಟ್ಟಿಗೆ ಕೆರಳಿಸುತ್ತಿತ್ತು. ಉಳಿದವುಗಳನ್ನು ಕದಲಿಸದೆ ಒಂದೇ ಬಗೆಯ ಕೋಶವನ್ನು ಹತೋಟಿಗೆ ತರುವ ಉಪಾಯ ಬೇಕೆಂದು ಫ್ರಾನ್ಸಿಸ್ ಕ್ರಿಕ್ 1979ರಲ್ಲಿಯೇ ಹೇಳಿದ್ದರು. ಜರ್ಮನಿಯ ನಾಗೆಲ್, ಹೆಗೆಮಾನ್, ಬಾಂಬರ್ಗ್ ಮೊದಲಾದವರು 2002 ಮತ್ತು 2003ರಲ್ಲಿ ಪಾಚಿಯ ಪ್ರೋಟೀನಿನ ಗುಟ್ಟನ್ನು ಬಯಲುಮಾಡಿದರು. 2005ರಲ್ಲಿ ಅಮೆರಿಕದ ಡೈಸರಾತ್, ಬಾಯ್ಡನ್ ಮತ್ತು ಸಂಗಡಿಗರು ಅದರ ಜೀನನ್ನು ಇಲಿಯ ನರಕೋಶಗಳಿಗೆ ಸೇರಿಸಿದರು. ನೀಲಿ ಬೆಳಕು ಮಿನುಗಿದಂತೆಲ್ಲ ಆ ಕೋಶಗಳು ಸ್ಪಂದಿಸಿದವು! ಈ ವಿಧಾನಕ್ಕೆ ಆಪ್ಟೊಜೆನೆಟಿಕ್ಸ್ ಎಂದು ಹೆಸರಾಯಿತು.

2021ರಲ್ಲಿ ಇದರ ಇನ್ನೊಂದು ಫಲ ಪ್ರಕಟವಾಯಿತು. 58 ವರ್ಷದ ಒಬ್ಬ ವ್ಯಕ್ತಿ ಅಕ್ಷಿಪಟದ ರೋಗದಿಂದ ದೃಷ್ಟಿಯನ್ನು ಕಳೆದುಕೊಂಡಿದ್ದನು. ರೋಗ ಪತ್ತೆಯಾಗಿ ಆಗಲೇ 40 ವರ್ಷಗಳು ಸಂದಿದ್ದವು. ವೈದ್ಯರು ನಿರಪಾಯಕಾರಿಯಾದ ವೈರಸ್ಸಿನ ಮೂಲಕ ಇಂಥದೇ ಪ್ರೋಟೀನಿನ ಜೀನನ್ನು ಅವನ ಒಂದು ಕಣ್ಣಿಗೆ ಸೇರಿಸಿದರು; ತಕ್ಕ ಬಣ್ಣದ ಬೆಳಕನ್ನು ಬೀರುವ ವಿಶೇಷ ಕನ್ನಡಕವನ್ನೂ ತೊಡಿಸಿದರು. ತಿಂಗಳುಗಳ ಅಭ್ಯಾಸದ ಅನಂತರ ಅವನು ಮೇಜಿನ ಮೇಲಿನ ಪುಸ್ತಕವನ್ನು ಕೈಚಾಚಿ ಮುಟ್ಟಿದನು, ಲೋಟಗಳನ್ನು ಎಣಿಸಿದನು, ರಸ್ತೆ ದಾಟುವೆಡೆಯ ಬಿಳಿ ಪಟ್ಟೆಗಳನ್ನು ಕಂಡನು. ಮುಖಗಳನ್ನು ಗುರುತಿಸುವಷ್ಟು ನೋಟ ಅವನಿಗೆ ದೊರೆಯಲಿಲ್ಲ, ನಿಜ. ಆದರೆ ಕತ್ತಲೆಯಲ್ಲಿದ್ದವನಿಗೆ ಅಷ್ಟು ಬೆಳಕೂ ಅಲ್ಪವೇ?

ಪಾಚಿ ಹೇಗೆ ಈಜುತ್ತದೆಂದು ಕೇಳಿದವರು ಕಣ್ಣಿನ ಮದ್ದನ್ನು ಅರಸಿ ಹೊರಟಿರಲಿಲ್ಲ, ಅವರಿಗಿದ್ದುದು ಕುತೂಹಲವೊಂದೇ. ಪ್ರಕೃತಿಯಲ್ಲಿ ಕ್ಷುದ್ರವೆಂಬುದು ಯಾವುದೂ ಇಲ್ಲ. ಕಾಣುವ ಕಣ್ಣಿದ್ದರೆ ಹೊಂಡದ ನೀರಿನ ಹನಿಯೂ ಪಾಠಶಾಲೆಯೇ ಸರಿ.