ಫಿಟ್ಸ್ ಬಂದ ನಾಯಿಗೆ ಎಂಆರ್‌ಐ ಬೇಕೇ?

ಪ್ರಶ್ನೆ: ನಮ್ಮ 3 ವರ್ಷದ ಲ್ಯಾಬ್ರಡಾರ್‌ಗೆ ಎರಡು ತಿಂಗಳಲ್ಲಿ ಎರಡು ಸಲ ಫಿಟ್ಸ್ ಬಂತು. ಮಿಕ್ಕಂತೆ ಚೆನ್ನಾಗಿದೆ. ಮೆದುಳಿನ ಎಂಆರ್‌ಐ ಮಾಡಿಸಲೇಬೇಕೇ?

ಉತ್ತರ: ಮನೆಯ ಜೀವ ಕಣ್ಣೆದುರೇ ಒದ್ದಾಡುವುದನ್ನು ನೋಡುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಎಂಆರ್‌ಐಯಲ್ಲಿ ಮೂರ್ಛೆರೋಗವೇ ಕಾಣುವುದಿಲ್ಲ. ಅದು ತೋರಿಸುವುದು ಗೆಡ್ಡೆ, ಉರಿಯೂತ, ಹುಟ್ಟುದೋಷ, ಹಳೆಯ ಪೆಟ್ಟುಗಳನ್ನು. ಮೆದುಳಿನಲ್ಲಿ ಕಾಣುವಂಥ ಕಾರಣವಿಲ್ಲದ, ಅಂದರೆ ಇಡಿಯೋಪಥಿಕ್ ಮೂರ್ಛೆಯಲ್ಲಿ ಚಿತ್ರ ಸಹಜವಾಗಿಯೇ ಬರುತ್ತದೆ.

ಪಶುವೈದ್ಯ ತಜ್ಞರ ಅಂತರರಾಷ್ಟ್ರೀಯ ತಂಡವೊಂದು 2015ರಲ್ಲಿ ಕೊಟ್ಟ ಸಲಹೆಯಂತೆ, ಮೊದಲ ಫಿಟ್ಸ್ 6 ತಿಂಗಳಿಗೆ ಮುಂಚೆ ಅಥವಾ 6 ವರ್ಷದ ನಂತರ ಬಂದರೆ, ಫಿಟ್ಸ್ ಇಲ್ಲದಾಗಲೂ ನಡಿಗೆ, ದೃಷ್ಟಿ, ವರ್ತನೆ ಕೆಟ್ಟಿದ್ದರೆ, ಒಂದರ ಹಿಂದೊಂದು ಬಂದರೆ, ಔಷಧಕ್ಕೆ ಬಗ್ಗದಿದ್ದರೆ ಎಂಆರ್‌ಐ ಬೇಕು. ನಿಮ್ಮ ನಾಯಿ ಸದ್ಯ ಇದ್ಯಾವುದರಲ್ಲೂ ಇಲ್ಲ. ಮೊದಲು ಸಕ್ಕರೆ, ಕ್ಯಾಲ್ಸಿಯಂ, ಲಿವರ್ ನೋಡುವ ರಕ್ತಪರೀಕ್ಷೆ ಮಾಡಿಸಿ. ಮುಂದಿನ ಸಲ ಬಂದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ವೈದ್ಯರಿಗೆ ಅದರಷ್ಟು ಉಪಕಾರ ಮಾಡುವುದು ಇನ್ನೊಂದಿಲ್ಲ.

ಸ್ಕ್ಯಾನ್‌ಗೆ ಪೂರ್ಣ ಅರಿವಳಿಕೆ ಕೊಡಬೇಕಾಗುತ್ತದೆ, ಇದು ನೆನಪಿರಲಿ. ಫಿಟ್ಸ್ ಆದ ಕೂಡಲೇ ತೆಗೆದ ಚಿತ್ರದಲ್ಲಿ ತಾತ್ಕಾಲಿಕ ಊತವೂ ಕಾಯಿಲೆಯಂತೆ ಕಂಡೀತು. ಆಗ ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಸಿಟಿ ಸ್ಕ್ಯಾನ್ ಅಗ್ಗವಾದರೂ ಸೂಕ್ಷ್ಮ ಉರಿಯೂತ ಅದರ ಕಣ್ಣು ತಪ್ಪಿಸಬಹುದು.

ಎರಡು ತಿಂಗಳಲ್ಲೇ ಎರಡು ಸಲ ಬಂದಿರುವುದರಿಂದ ಔಷಧ ಶುರುಮಾಡುವ ಬಗ್ಗೆ ಈ ವಾರವೇ ವೈದ್ಯರನ್ನು ಕೇಳಿ. ಫಿಟ್ಸ್ 5 ನಿಮಿಷ ದಾಟಿದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.